ಸಾಲ ತೀರಿದರೂ ಜಗಳ ತೀರಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನೆಮ್ಮದಿಯಾಗಿ ಬದುಕುವುದು ಹೇಗೆ ಅಂತ ಪತ್ರಿಕೆಗಳಲ್ಲಿ ಆಗಾಗ ಲೇಖನ ಬರುತ್ತವೆ. ನಡಿಗೆ, ಧ್ಯಾನ, ಒಳ್ಳೆಯ ನಿದ್ದೆ, ಎಲ್ಲವೂ ಬೇಕಾದ್ದೇ. ಆದರೆ ಕ್ಷಮೆಯ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ನಾನು ಕ್ರೈಸ್ತ. ಕ್ಷಮಿಸಬೇಕು ಅನ್ನುವುದನ್ನು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು. ಅದರ ರುಚಿ ಗೊತ್ತಾದದ್ದು ಮಾತ್ರ ತೀರಾ ತಡವಾಗಿ.

ಹತ್ತಿರದ ಸಂಬಂಧಿಕರೊಬ್ಬರ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಕೆಲವು ಕಂತು ಕಟ್ಟಿ ಅವರು ಕೈ ಎತ್ತಿದರು, ಸಾಲ ನನ್ನ ತಲೆಗೆ ಬಂತು. ನಾಲ್ಕು ವರ್ಷ ಕಟ್ಟಿದೆ. ಪ್ರತಿ ತಿಂಗಳು 5ನೇ ತಾರೀಕು ಬೆಳಿಗ್ಗೆ, ದುಡ್ಡು ಕಟ್ ಆಯಿತು ಅನ್ನುವ ಮೆಸೇಜ್ ಬಂದ ಕೂಡಲೇ ಅವರ ಮುಖ ಕಣ್ಣ ಮುಂದೆ ಬರುತ್ತಿತ್ತು, ಸ್ನಾನ ಮಾಡುವಾಗಲೂ ಬಟ್ಟೆಗೆ ಇಸ್ತ್ರಿ ಹಾಕುವಾಗಲೂ ಒಳಗೊಳಗೇ ಅವರ ಜೊತೆ ಜಗಳ ಆಡುತ್ತಿದ್ದೆ, ಅವರು ಏನು ಹೇಳಬಹುದು, ಅದಕ್ಕೆ ನಾನು ಹೇಗೆ ಬಾಯಿ ಮುಚ್ಚಿಸಬೇಕು ಅಂತ ಎರಡೂ ಕಡೆಯ ಮಾತು ನಾನೇ ಆಡುತ್ತಿದ್ದೆ. ಕೊನೆಗೆ ಸಾಲ ತೀರಿತು. ಮೆಸೇಜ್ ನಿಂತಿತು. ಜಗಳ ನಿಲ್ಲಲಿಲ್ಲ.

ಒಂದು ಭಾನುವಾರ ಆರಾಧನೆಯಲ್ಲಿ ಎಲ್ಲರ ಜೊತೆ ಕರ್ತನ ಪ್ರಾರ್ಥನೆ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ, ಹೇಳುತ್ತಿದ್ದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನೂ ಕ್ಷಮಿಸು ಅನ್ನುವ ಕಡೆ ಬಾಯಿ ಕಟ್ಟಿತು. ಸಾವಿರ ಸಲ ಹೇಳಿದ ಮಾತು ಅದು. ಅವತ್ತು ಹೇಳಲಾಗಲಿಲ್ಲ, ಸುಮ್ನೆ ನಿಂತುಬಿಟ್ಟೆ. ಮನೆಗೆ ಬಂದು ಬೈಬಲಿನಲ್ಲಿ ಆ ಪ್ರಾರ್ಥನೆ ಇರುವ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆದೆ. ಅಲ್ಲಿ ತಪ್ಪು ಅಂತ ನಾವು ಓದುವ ಜಾಗದಲ್ಲಿ ಗ್ರೀಕ್ ಮೂಲದಲ್ಲಿರುವ ಮಾತಿಗೆ ಸಾಲ ಅಂತಲೇ ಅರ್ಥ. ಎದೆಗೆ ಯಾರೋ ಗುದ್ದಿದ ಹಾಗಾಯಿತು.

ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಂದು ಕಥೆ ಹೇಳುತ್ತಾರೆ. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೋ ಅಂತ ಶಿಷ್ಯ ಪೇತ್ರ ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಒಬ್ಬ ಸೇವಕ ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿತ್ತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಲೆಕ್ಕ ಹಾಕಿ ನೋಡಿ, ಆರು ಕೋಟಿ ದಿನದ ಕೂಲಿ! ಎಷ್ಟು ತಲೆಮಾರು ದುಡಿದರೂ ತೀರುವುದಿಲ್ಲ. ರಾಜ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಇವನು ಹೊರಗೆ ಬಂದವನೇ ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿಯುತ್ತಾನೆ. ಗಮನಿಸಿ, 100 ದಿನಾರಿ ಸಣ್ಣ ಮೊತ್ತವೇನಲ್ಲ, ಮೂರು ನಾಲ್ಕು ತಿಂಗಳ ದುಡಿಮೆ. ನಿನಗಾದ ನಷ್ಟ ದೊಡ್ಡದಲ್ಲ ಅಂತ ಯೇಸು ಹೇಳುತ್ತಿಲ್ಲ. ನಿನಗೆ ಬಿಟ್ಟುಕೊಟ್ಟದ್ದು ಎಷ್ಟು ಅನ್ನುವುದನ್ನು ನೆನಪಿಡು ಅನ್ನುತ್ತಿದ್ದಾರೆ. ಕುತ್ತಿಗೆ ಹಿಡಿದವನು ನಾನೇ ಅಂತ ಅವತ್ತು ಗೊತ್ತಾಯಿತು.

ಹಾಗಂತ ಅವತ್ತೇ ಮನಸ್ಸು ಹಗುರಾಯಿತು ಅಂದರೆ ಸುಳ್ಳಾಗುತ್ತದೆ. ಅನ್ಯಾಯ ಮಾಡಿದವರು ಹಾಯಾಗಿರುವಾಗ ನಾನು ಬಿಟ್ಟುಬಿಟ್ಟರೆ ನ್ಯಾಯ ಎಲ್ಲಿ ಅನ್ನುವ ಪ್ರಶ್ನೆ ಕಾಡುತ್ತಲೇ ಇತ್ತು. ದೇವರ ಮೇಲಿನ ಭರವಸೆ ಬೇಕಾಗುವುದು ಇಲ್ಲೇ. ಯೇಸುವನ್ನು ಬೈದಾಗ ಅವರು ತಿರುಗಿ ಬೈಯಲಿಲ್ಲ, ನ್ಯಾಯವಾಗಿ ತೀರ್ಪು ಕೊಡುವ ದೇವರಿಗೆ ತಮ್ಮನ್ನು ಒಪ್ಪಿಸಿಕೊಂಡರು ಅಂತ ಪೇತ್ರನ ಮೊದಲ ಪತ್ರದಲ್ಲಿದೆ. ಲೆಕ್ಕದ ಪುಸ್ತಕ ಹರಿದು ಹಾಕು ಅಂತಲ್ಲ, ನನ್ನ ಕೈಗೆ ಕೊಡು ಅಂತ ದೇವರು ಕೇಳುತ್ತಾನೆ. ಕೊಟ್ಟೆ. ಮಾರನೇ ದಿನ ವಾಪಸ್ ಕಿತ್ತುಕೊಂಡೆ. ಮತ್ತೆ ಕೊಟ್ಟೆ. ಯೇಸು ಪೇತ್ರನಿಗೆ ಏಳು ಸಲ ಅಲ್ಲ, ಏಳೆಪ್ಪತ್ತು ಸಲ ಅಂದದ್ದು ಒಂದೇ ತಪ್ಪನ್ನು ಮತ್ತೆ ಮತ್ತೆ ಕ್ಷಮಿಸುವುದಕ್ಕೂ ಸಲ್ಲುತ್ತದೆ ಅಂತ ನನಗೆ ಅನಿಸುತ್ತದೆ.

ಮನಸ್ಸು ಒಪ್ಪಿದ ಮೇಲೆ ಕ್ಷಮಿಸೋಣ ಅಂತ ಕಾಯುವವರಿಗೆ ಕೋರಿ ಟೆನ್ ಬೂಮ್ ಅವರ ಅನುಭವ ಹೇಳಬೇಕು. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕೆ ನಾಜಿಗಳು 1944ರಲ್ಲಿ ಬಂಧಿಸಿದ ಡಚ್ ಮಹಿಳೆ. ಜೊತೆಗೇ ಸೆರೆಯಲ್ಲಿದ್ದ ಅಕ್ಕ ಬೆಟ್ಸಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲೇ ತೀರಿಕೊಂಡರು. 1947ರಲ್ಲಿ ಮ್ಯೂನಿಕ್‌ನ ಚರ್ಚೊಂದರಲ್ಲಿ ಕೋರಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ, ಅದೇ ಶಿಬಿರದ ಕಾವಲುಗಾರನೊಬ್ಬ ಎದುರಿಗೆ ಬಂದು ಕ್ಷಮೆ ಕೇಳಿ ಕೈ ಚಾಚಿದ. ಇವರ ಕೈ ಮೇಲೇಳಲಿಲ್ಲ. ಕೈಯನ್ನಷ್ಟೇ ಎತ್ತಬಲ್ಲೆ, ಪ್ರೀತಿಯನ್ನು ನೀನೇ ಕೊಡು ಅಂತ ಪ್ರಾರ್ಥಿಸಿ ಕೈ ಕೊಟ್ಟರು. ಪ್ರೀತಿ ಬಂದದ್ದು ಆಮೇಲೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಹೊಡೆತ ತಿನ್ನುತ್ತಿರುವ ಹೆಂಡತಿಗೆ ಕ್ಷಮಿಸಿ ಹೊಂದಿಕೊಂಡು ಹೋಗಮ್ಮ ಅನ್ನುವುದು ಕ್ರಿಸ್ತನ ಬೋಧನೆ ಅಲ್ಲ. ದೂರು ಕೊಡಬೇಕಾದ ಕಡೆ ಕೊಡಲೇಬೇಕು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ, ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳನ್ನು ಸುಟ್ಟು ಕೊಂದವರನ್ನು ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು. ಆದರೆ ಕೇಸು ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೊಲೆಯಾದ ಮೇಲೂ ಆಕೆ ಕೆಲವು ವರ್ಷ ಒಡಿಶಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದ್ದರು. ದ್ವೇಷ ಇಟ್ಟುಕೊಂಡಿದ್ದರೆ ಆ ಕೆಲಸ ಆಗುತ್ತಿತ್ತಾ? ಆಗುತ್ತಿರಲಿಲ್ಲ ಅಲ್ವಾ.

ನನ್ನ ಸಂಬಂಧಿಕರು ಇವತ್ತಿಗೂ ಒಂದು ಫೋನ್ ಮಾಡಿಲ್ಲ, ದುಡ್ಡೂ ಬಂದಿಲ್ಲ. ಇನ್ನೊಮ್ಮೆ ಅವರಿಗೆ ಜಾಮೀನು ಹಾಕುವುದಿಲ್ಲ. ಆದರೆ ರಾತ್ರಿ ಪ್ರಾರ್ಥನೆಯಲ್ಲಿ ಮನೆಯವರ ಹೆಸರುಗಳ ಜೊತೆ ಅವರ ಹೆಸರನ್ನೂ ಹೇಳುತ್ತೇನೆ. ಮೊದಲು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ಈಗ ಅವರ ಮಕ್ಕಳ ಹೆಸರೂ ತಾನಾಗಿಯೇ ಬಾಯಿಗೆ ಬರುತ್ತದೆ. ಮೊನ್ನೆ 5ನೇ ತಾರೀಕು ಕಳೆದದ್ದು ನನಗೆ ನೆನಪೇ ಆಗಲಿಲ್ಲ.

ಇತಿ,
ನಿಮ್ಮ ಓದುಗ