ಹಿಂದಿನ ಫೋಟೊ ಹಾಕ್ರೀ

ಲೇ ದೋಸ್ತ,

ಮೊನ್ನೆ ಫೋನಿನ್ಯಾಗ ಬಿದ್ದು ಬಿದ್ದು ನಕ್ಕಿ ನೀ, "ಲ್ಯಾಪ್‌ಟಾಪ್ ಬಿಟ್ಟು ಸೂಜಿ ಹಿಡದೀಯಂತ, ಅದೂ ಆನ್‌ಲೈನ್ ಹೆಂಗಸ್ರ ಕಸೂತಿ ಗ್ರೂಪಿನ್ಯಾಗ ಕೂತು" ಅಂತ. ಆವಾಗ ಮೀಟಿಂಗ್ ಇತ್ತು, ಬಿಟ್ಟೆ. ಈಗ ಪುರಸೊತ್ತು ಸಿಕ್ಕದ, ಕೇಳು. ಎಲ್ಲಾರೂ ಓದ್ಲಿ ಅಂತ ಇಲ್ಲೇ ಹಾಕ್ಲಿಕತ್ತೀನಿ.

ಕಸೂತಿ ಅಂದ್ರ ಹಳೇ ಇಳಕಲ್ ಸೀರಿ ಸೆರಗಿನ್ಯಾಗ ಗೋಪುರ, ತೇರು, ಆನಿ ಅಂಬಾರಿ ಇರ್ತಾವಲ್ಲ, ಅದು. ಪೆನ್ಸಿಲ್ ಗೆರಿ ಹಾಕ್ಕೊಂಡು ಹೊಲಿಯೂದಲ್ಲ, ಬಟ್ಟಿ ಎಳಿ ಎಣಿಸಿ ಹಾಕೂದು. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಕು ಹೊಲಿಗಿ. ಗವಂತಿದ ಮಜಾ ಬ್ಯಾರೆನ ಅದ, ಹೋಗೋವಾಗ ಒಂದು ಬಿಟ್ಟು ಒಂದು ಹಾಕ್ಕೋತ ಹೋಗಬೇಕು, ಬರೋವಾಗ ಬಿಟ್ಟ ಜಾಗಾ ತುಂಬ್ಕೋತ ಬರಬೇಕು, ಗಂಟು ಹಾಕಂಗಿಲ್ಲ, ಹಿಂದ ಮುಂದ ಎರಡೂ ಕಡೆ ಒಂದೇ ಥರಾ ಕಾಣಬೇಕು. ಗೆರಿ ಸೀದಾ ಇದ್ರ ಏನೂ ತ್ರಾಸಿಲ್ಲ. ಗೋಪುರಕ್ಕ ಮಾತ್ರ ನಡು ನಡುವ ಟೊಂಗಿ ಒಡೀತಾವ, ಪ್ರತಿ ಟೊಂಗಿಗೂ ಹೋಗಿ ವಾಪಸ್ ಬಂದು ಮುಂದ ಏರಬೇಕು, ಕಡೀಕ ಸೂಜಿ ಹೊಂಟಲ್ಲೇ ಬಂದು ನಿಂದ್ರಬೇಕು. ನೀ ಕೋಡ್ ಬರಿಯಾಂವ, ನಿನಗ ತಿಳೀತದ ಇದು ಎಂಥಾ ಪಜಲ್ ಅಂತ.

ಡಿಸೈನ್ ಪುಸ್ತಕದಾಗ ಮುಗದ ಚಿತ್ರ ಇರ್ತದ, ದಾರಿ ಇರಂಗಿಲ್ಲ. ಅದನ್ನ ಮೊದಲು ಅವ್ವನೋ ಅತ್ತಿನೋ ಬಾಜೂಕ ಕೂಡಿಸ್ಕೊಂಡು ತೋರಸ್ತಿದ್ರು. ಪುಣೆದಾಗ ನಾ ಯಾರ ಬಾಜೂಕ ಕೂಡ್ಲಿ? ಗೋಪುರದ ಎರಡನೇ ಅಂತಸ್ತಿನ್ಯಾಗ ದಾರಿ ತಿಳೀಲಾರದ ಗ್ರೂಪಿನ್ಯಾಗ ಫೋಟೊ ಹಾಕ್ದೆ. ಮೊದಲನೇ ರಿಪ್ಲೈ ಏನ್ ಬಂತು ಗೊತ್ತೇನು? ಸೂಪರ್ ಅಲ್ಲ, ಹಾರ್ಟ್ ಅಲ್ಲ, "ಹಿಂದಿನ ಫೋಟೊ ಹಾಕ್ರೀ"! ಬಟ್ಟಿ ಹಿಂದಿನ ಬದಿದು ಹಾಕಿದ ಮ್ಯಾಲೆ ಹುಬ್ಬಳ್ಳಿ ಅಜ್ಜಿ ಒಬ್ರು, ಟೈಪ್ ಮಾಡೂದಂದ್ರ ಬ್ಯಾಸರ ಅವ್ರಿಗೆ, ವಾಯ್ಸ್ ಮೆಸೇಜ್ ಕಳಿಸಿದ್ರು, ಹಿಂದ ಕುಕ್ಕರ್ ಸೀಟಿ ಹೊಡೀಲಿಕತ್ತದ, "ತಮ್ಮಾ, ಎಡಗಡೆ ಟೊಂಗಿ ಮೊದಲ ಮುಗಸು, ಆಮ್ಯಾಲೆ ಮ್ಯಾಲೆ ಏರು." ಅಷ್ಟರಾಗ ನ್ಯೂಜೆರ್ಸಿದಾಕಿ ಒಬ್ಬಾಕಿ ಗ್ರಾಫ್ ಹಾಳಿ ಮ್ಯಾಲೆ ಬಾಣ ಹಾಕಿ ನಂಬರ್ ಬರದು ಕಳಿಸೇಬಿಟ್ಲು. ರೀಲ್ಸಿನ್ಯಾಗ ಮೂವತ್ತು ಸೆಕೆಂಡಿಗೆ ಸೀರಿ ತುಂಬಿಬಿಡ್ತದ, ಹಿಂದಿನ ಬದಿ ಯಾರೂ ತೋರಸಂಗಿಲ್ಲ, ಕೇಳೂದೂ ಇಲ್ಲ. ಇಲ್ಲಿ ಅದನ್ನ ಕೇಳ್ತಾರ, ಅದಕ್ಕ ನನಗ ಈ ಗ್ರೂಪ್ ಸೇರ್ತದ.

ಕರೀ ಚಂದ್ರಕಾಳಿ ಸೀರಿ ಮ್ಯಾಲೆ ಎಳಿ ಕಾಣಂಗಿಲ್ಲಲ್ಲ, ತೊಡಿ ಮ್ಯಾಲೆ ಬಿಳೇ ಬಟ್ಟಿ ಹಾಸ್ಕೊಂಡು ಕೂತ್ರ ಸಂದಿ ಸಂದಿ ಕಾಣ್ತದ, ಇದು ಅಲ್ಲೇ ಕಲತದ್ದು. ದಾರ ಒಂದೂವರಿ ಅಡಿಗಿಂತ ಉದ್ದ ತಗೋಬ್ಯಾಡ, ಸಿಕ್ಕಾಗ್ತದ, ಇದೂ ಅಲ್ಲೇ.

ಒಂದಿನ ಇಂಗ್ಲೆಂಡಿನಾಕಿ ಒಬ್ಬಾಕಿ ಬಿಳೇ ಬಟ್ಟಿ ಮ್ಯಾಲೆ ಕರೀ ದಾರದ ಕೆಲಸ ಹಾಕಿದ್ಲು. ನೋಡಿದ್ರ ಥೇಟ್ ಗವಂತಿ! ಅವ್ರು ಹೋಲ್ಬೈನ್ ಸ್ಟಿಚ್ ಅಂತಾರ, 16ನೇ ಶತಮಾನದಾಗ ಎಂಟನೇ ಹೆನ್ರಿ ಆಸ್ಥಾನದ ಪೇಂಟರ್ ಹ್ಯಾನ್ಸ್ ಹೋಲ್ಬೈನ್ ಬರದ ಚಿತ್ರದಾಗ ಕಾಲರಿಗೆ, ತೋಳಿನ ಅಂಚಿಗೆ ಇಂಥಾ ಹೊಲಿಗಿ ಕಾಣ್ತದಂತ. ತಗೋ, ಶುರುವಾತು ಜಗಳ, ನಮ್ಮದನ್ನ ಅವ್ರು ಒಯ್ದ್ರು ಅಂತ ಒಬ್ರು, ಅಲ್ಲಾ ಅಂತ ಇನ್ನೊಬ್ರು. ನಾ ಮ್ಯೂಟ್ ಮಾಡಿ ಆಕಿ ಹಾಕಿದ ಬಳ್ಳಿ ಡಿಸೈನ್ ಇಳಿಸ್ಕೊಂಡೆ.

ಖರೇ ಸಪೋರ್ಟ್ ಕಾಣೂದು ರೊಕ್ಕದ ಮಾತು ಬಂದಾಗ. ಕಸೂತಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಕಡೆದ್ದೇ ಅನ್ನೋ ಸರಕಾರಿ ಗುರುತು, ಅದ ಖರೇ, ಆದ್ರ ಮಷೀನಿಂದನ್ನ ಕೈದು ಅಂತ ಮಾರೋರು ರಗಡ ಮಂದಿ. ಬಟ್ಟಿ ತಿರುವಿದ್ರ ಅಲ್ಲೇ ಗೊತ್ತಾಗ್ತದ, ಮಷೀನಿಂದ ಹಿಂದ ಬ್ಯಾರೆ ದಾರ ಇರ್ತದ, ಒಮ್ಮೊಮ್ಮೆ ಅಂಟಿಸಿದ ಪೇಪರೂ ಇರ್ತದ. ಒಬ್ಬ ಹುಡುಗಿ ತಿಂಗಳಗಟ್ಲೆ ಕೂತು ಹಾಕಿದ ಸೆರಗಿಗೆ ಗಿರಾಕಿ ಮಷೀನ್ ರೇಟ್ ಕೇಳಿದಾಗ ಗ್ರೂಪಿನವ್ರೆಲ್ಲಾ ಸೇರಿ "ಕೊಡಬ್ಯಾಡ್ವಾ, ಹಿಂದಿನ ಬದಿ ಫೋಟೊ ಕಳಸು" ಅಂದ್ರು. ಕಳಿಸಿದ್ಲು. ಆ ಗಿರಾಕಿ ಬಿಟ್ಟು ಹೋದ, ಅದು ಬ್ಯಾರೆ ಮಾತು, ಆದ್ರ ಅದೇ ಫೋಟೊ ನೋಡಿ ಗ್ರೂಪಿನ್ಯಾಗಿನಾಕಿನ ಒಬ್ಬಾಕಿ ಆ ಹುಡುಗಿ ಹೇಳಿದ ರೇಟಿಗೇ ತಗೊಂಡ್ಲು.

ಈಗ ನಿನಗೊಂದು ಕೆಲಸ. ನಿಮ್ಮ ದೊಡ್ಡವ್ವನ ಪೆಟಿಗಿಯೊಳಗ ಹಳೇ ಇಳಕಲ್ ಇದ್ರ, ಸೆರಗಿಂದು ಬಿಸಿಲಿಗೆ ಹಿಡದು ಫೋಟೊ ತಗದು ಕಳಸು, ಎಳಿ ಎಣಿಸ್ಲಿಕ್ಕೆ ಬರೋ ಹಂಗ ಹತ್ರದಿಂದ. ಎರಡೂ ಬದಿದು ಬೇಕು ನೋಡು.

ನಿನ್ನ,
ಸೂಜಿ ದೋಸ್ತ