ಡಚ್ ಚಿತ್ರಗಳು ಬರೀ ನಕಲಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಡಚ್ ಚಿತ್ರಕಲೆಗೆ ಪೂರ್ತಿ ಒಂದು ಪುಟ ಕೊಟ್ಟಿದ್ದೀರಿ. ಹದಿನೇಳನೇ ಶತಮಾನದ ಚಿತ್ರಗಳಿಗೆ ಕನ್ನಡದ ದಿನಪತ್ರಿಕೆಯಲ್ಲಿ ಇಷ್ಟು ಜಾಗ ಸಿಗುವುದೇ ಅಪರೂಪ. ಅದಕ್ಕೆ ಮೊದಲು ಧನ್ಯವಾದ ಹೇಳಲೇಬೇಕು. ಆದರೆ ಲೇಖನದ ಮುಖ್ಯ ಮಾತನ್ನೇ ಒಪ್ಪಲು ನನ್ನಿಂದ ಆಗುತ್ತಿಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಕಣ್ಣಿಗೆ ಕಂಡದ್ದನ್ನು ಇದ್ದ ಹಾಗೇ ಇಳಿಸಿದವರು ಡಚ್ಚರು, ಅವರಲ್ಲಿ ಕೈಚಳಕ ಜಾಸ್ತಿ, ಕಲ್ಪನೆ ಕಡಿಮೆ ಎಂದು ಲೇಖಕರು ಬರೆದಿದ್ದಾರೆ. ವಿಜಯಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಾಗಿ, ಇದೇ ಚಿತ್ರಗಳನ್ನು ತೋರಿಸಿ ಮಕ್ಕಳಿಗೆ ಪಾಠ ಮಾಡಿದವನು ನಾನು. ಓದಿ ಸುಮ್ನೆ ಕೂರಲು ಆಗಲಿಲ್ಲ.

ನೀವೇ ಅಚ್ಚು ಹಾಕಿರುವ ವರ್ಮೀರ್‌ನ ಚಿತ್ರ ನೋಡಿ, ಹೆಂಗಸೊಬ್ಬಳು ಹಾಲು ಸುರಿಯುತ್ತಿರುವುದು. 1660ರ ಸುಮಾರಿನದು. ಮಗಳು ಡಚ್ಚರ ದೇಶವಾದ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ಇರುವುದರಿಂದ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿ ಅದರ ಎದುರು ನಿಲ್ಲುವ ಯೋಗ ನನಗೆ ಬಂತು. ಎಷ್ಟು ಚಿಕ್ಕದು ಅಂತೀರಿ! ಎತ್ತರ 45.5 ಸೆಂ.ಮೀ., ಅಗಲ 41 ಸೆಂ.ಮೀ. ಅಷ್ಟೇ. ಅವಳ ಹಿಂದೆ ಬಿಳಿ ಗೋಡೆ. ಹತ್ತಿರ ಹೋದರೆ ಆ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಪುಟ್ಟ ನೆರಳು, ಅಲ್ಲಲ್ಲಿ ಮೊಳೆ ಕಿತ್ತ ತೂತು. ಮೇಜಿನ ಮೇಲಿನ ಬ್ರೆಡ್ಡಿನ ಮೇಲೆ ಬಣ್ಣದ ಸಣ್ಣ ಸಣ್ಣ ಚುಕ್ಕೆ ಇಟ್ಟಿದ್ದಾನೆ. ಬ್ರೆಡ್ಡಿನಲ್ಲಿ ಅಂಥ ಚುಕ್ಕೆ ಎಲ್ಲಿರುತ್ತದೆ? ಆದರೆ ಬೆಳಕು ಅದರ ಮೇಲೆ ಕುಣಿಯುವುದು ಆ ಚುಕ್ಕೆಗಳಿಂದಲೇ. ಕೆಲಸದವಳ ಮೇಲುವಸ್ತ್ರಕ್ಕೆ ಬಳಸಿದ ನೀಲಿಯೋ, ದೂರದ ಅಫ್ಘಾನಿಸ್ತಾನದ ಕಲ್ಲು ಅರೆದು ಮಾಡಿದ ದುಬಾರಿ ಬಣ್ಣ.

ಇನ್ನೊಂದು ಸಂಗತಿ. ಮ್ಯೂಸಿಯಂನವರು ಈ ಚಿತ್ರವನ್ನು ಸ್ಕ್ಯಾನ್ ಮಾಡಿ, 2022ರಲ್ಲಿ ಫಲಿತಾಂಶ ಹೇಳಿದರು. ಬಣ್ಣದ ಕೆಳಗೆ ಎರಡು ವಸ್ತು ಅಡಗಿದ್ದವು. ಅವಳ ತಲೆಯ ಹಿಂದೆ ಹೂಜಿ ನೇತುಹಾಕುವ ಹಲಗೆ, ಕೆಳಗೆ ಬಲಗಡೆ ಕೆಂಡದ ಬುಟ್ಟಿ. ವರ್ಮೀರ್ ಎರಡನ್ನೂ ಬರೆಯಲು ಶುರು ಮಾಡಿ, ಆಮೇಲೆ ಬೇಡವೆಂದು ಮುಚ್ಚಿಬಿಟ್ಟ. ಗೋಡೆ ಖಾಲಿಯಾಯಿತು. ಖಾಲಿಯಾದದ್ದಕ್ಕೇ ಹಾಲಿನ ಆ ಸಣ್ಣ ಧಾರೆಯ ಮೇಲೆ ನಮ್ಮ ಕಣ್ಣು ನಿಲ್ಲುತ್ತದೆ. ಕಂಡದ್ದನ್ನು ಇದ್ದ ಹಾಗೇ ಇಳಿಸುವವನು ಹೀಗೆ ಮಾಡುತ್ತಾನಾ?

ಇನ್ನೊಬ್ಬ ಡಚ್ ಕಲಾವಿದ ಯಾಕೋಬ್ ವಾನ್ ರೌಸ್ಡಾಲ್‌ನ ಯಹೂದಿ ಸ್ಮಶಾನದ ಚಿತ್ರವೂ ಹಾಗೇ. ಅದರಲ್ಲಿರುವ ಗೋರಿಗಳು ನಿಜವಾದವು. ಆ ಸ್ಮಶಾನ ಇರುವ ಔಡರ್‌ಕೆರ್ಕ್ ಮಗಳ ಮನೆಯಿಂದ ಹತ್ತಿರವೇ, ಹೋಗಿ ನೋಡಿ ಬಂದೆ. ಗೋರಿಗಳಿವೆ. ಆದರೆ ಚಿತ್ರದಲ್ಲಿರುವ ಗುಡ್ಡವಿಲ್ಲ, ಧುಮುಕುವ ತೊರೆಯಿಲ್ಲ. ಸುತ್ತಲೂ ನೆಲ ಸಪಾಟು. ಹಿಂದಿನ ಪಾಳು ಕಟ್ಟಡವನ್ನು ಬೇರೆ ಊರಿನಿಂದ ತಂದು ಕೂರಿಸಿದ್ದಾನೆ. ಹೂದಾನಿಯ ಚಿತ್ರಗಳಲ್ಲಂತೂ ವಸಂತದ ಟ್ಯೂಲಿಪ್, ಬೇಸಿಗೆಯ ಗುಲಾಬಿ ಎಲ್ಲ ಒಟ್ಟಿಗೆ ಅರಳಿರುತ್ತವೆ. ಒಂದೊಂದು ಹೂವನ್ನು ಅದರದರ ಕಾಲದಲ್ಲಿ ನೋಡಿಟ್ಟುಕೊಂಡು ಕಲಾವಿದ ಕಟ್ಟಿದ ಗುಚ್ಛ ಅದು. ಹಳದಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಚಿತ್ರ ಮುಗಿದಿಲ್ಲ ಎಂದು ಹೂವಿನ ಚಿತ್ರಗಳ ಕಲಾವಿದ ಯಾನ್ ವಾನ್ ಹೌಸಮ್ 1742ರಲ್ಲಿ ಪತ್ರ ಬರೆದಿದ್ದ. ಹೂವನ್ನು ಕಣ್ಣಾರೆ ನೋಡದೆ ಬರೆಯುತ್ತಿರಲಿಲ್ಲ, ಬರೆದ ಮೇಲೆ ಎಲ್ಲಿಡಬೇಕು ಎಂಬುದನ್ನು ತಾನೇ ನಿರ್ಧರಿಸುತ್ತಿದ್ದ. ಡಚ್ಚರ ಕಲೆಯ ಗುಣ ಇರುವುದು ಈ ಎರಡರಲ್ಲೂ. ಲೇಖಕರು ಮೊದಲನೆಯದನ್ನು ಮಾತ್ರ ಹೇಳಿ ನಿಲ್ಲಿಸಿದರು.

ಈ ಕಲೆಗೂ ನಮಗೂ ಸಂಬಂಧವೇ ಇಲ್ಲ ಎಂದೂ ಆ ಲೇಖನದಲ್ಲಿದೆ. ನಮ್ಮೂರಿನವನಾಗಿ ಇದಕ್ಕೆ ಉತ್ತರ ಕೊಡಲೇಬೇಕು. ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್ ಹೇಡಾ ಎಂಬ ಕಲಾವಿದ 1610ರ ಹೊತ್ತಿಗೆ ಬಿಜಾಪುರದಲ್ಲಿದ್ದ. ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ರೋಮನ್ನರ ದೇವತೆಗಳಾದ ವೀನಸ್, ಬ್ಯಾಕಸ್, ಕ್ಯುಪಿಡ್ ಇರುವ ಚಿತ್ರ ಬರೆದುಕೊಟ್ಟ. ಸುಲ್ತಾನನಿಗೆ ಹಿಡಿಸಿತು. ಹೇಡಾ ಇಲ್ಲೇ ಉಳಿದು ಇಲ್ಲೇ ಸತ್ತ. ಗೋಳಗುಮ್ಮಟ ಏಳುವ ಮೊದಲಿನ ಮಾತಿದು. ಅವನು ಬರೆದದ್ದು ದೇವತೆಗಳನ್ನು, ಯಾಕೆಂದರೆ ಅವನು ಕಲಿತ ಕಾಲದ ಹಾರ್ಲೆಮ್‌ನಲ್ಲಿ ಅದೇ ನಡೆಯುತ್ತಿತ್ತು. ಅವನು ಊರು ಬಿಟ್ಟ ಮೇಲೆ, ಒಂದೇ ತಲೆಮಾರಿನಲ್ಲಿ, ಅದೇ ಹಾರ್ಲೆಮ್‌ನವರು ಮರಳುದಿಬ್ಬ, ಕೆಸರು ದಾರಿ, ಅರ್ಧ ತಿಂದ ಊಟದ ತಟ್ಟೆ, ಸುಲಿದ ನಿಂಬೆಹಣ್ಣು ಬರೆಯತೊಡಗಿದರು.

ಯಾಕೆ ಹೀಗಾಯಿತು? ಪ್ರಾಟೆಸ್ಟಂಟ್ ಕ್ರೈಸ್ತರಾದ ಕ್ಯಾಲ್ವಿನ್ ಪಂಥದವರಿಗೆ ಚರ್ಚಿನೊಳಗೆ ಚಿತ್ರ ಬೇಡವಾಗಿತ್ತು. 1566ರಲ್ಲಿ ಜನ ನುಗ್ಗಿ ಚರ್ಚುಗಳ ವಿಗ್ರಹ, ಚಿತ್ರಗಳನ್ನು ಒಡೆದು ಹಾಕಿದ್ದರು. ದೇಶ ಸ್ಪೇನಿನ ರಾಜನ ಕೈಯಿಂದ ಬಿಡಿಸಿಕೊಂಡು ಗಣರಾಜ್ಯವಾಯಿತು. ಕಲಾವಿದನಿಗೆ ದೊಡ್ಡ ಆರ್ಡರ್ ಕೊಡುವವರೇ ಕಡಿಮೆಯಾದರು. ಉಳಿದದ್ದು ಮಾರುಕಟ್ಟೆ. ವ್ಯಾಪಾರಿಗಳ ಕೈಯಲ್ಲಿ ದುಡ್ಡಿತ್ತು. ಆ ದುಡ್ಡಿನಲ್ಲಿ ಏಷ್ಯಾದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ನಡೆಸಿದ ವ್ಯಾಪಾರದ್ದೂ, ಗುಲಾಮರನ್ನು ಮಾರಿದ್ದೂ ಸೇರಿತ್ತು ಎಂಬುದನ್ನು ಮರೆಯುವಂತಿಲ್ಲ. ಸಣ್ಣ ಅಂಗಡಿಯವರೂ ಮನೆಗೆ ಚಿತ್ರ ಕೊಳ್ಳುತ್ತಿದ್ದರು. ಡೆಲ್ಫ್ಟ್‌ನ ಬೇಕರಿಯವನೊಬ್ಬನ ಹತ್ತಿರವೇ ವರ್ಮೀರ್‌ನ ಚಿತ್ರಗಳಿದ್ದವು. 1672ರ ಯುದ್ಧದಲ್ಲಿ ಮಾರುಕಟ್ಟೆ ಬಿದ್ದು, 1675ರಲ್ಲಿ ವರ್ಮೀರ್ ಸಾಲ ಬಿಟ್ಟು ತೀರಿಕೊಂಡ. ಬೇಕರಿಯವನಿಗೆ ಕೊಡಬೇಕಿದ್ದ 617 ಗಿಲ್ಡರ್ ಬಾಕಿಗೆ ವರ್ಮೀರ್‌ನ ಹೆಂಡತಿ ಕತರೀನಾ ಎರಡು ಚಿತ್ರ ಕೊಡಬೇಕಾಯಿತು. ಇದನ್ನು ಕ್ಲಾಸಿನಲ್ಲಿ ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಕೊನೆಗೆ ಒಂದು ಕೋರಿಕೆ. ಜಾಗ ಸಾಲದೆ ಇರಬಹುದು, ನೀವು ಹಾಕಿದ ವರ್ಮೀರ್‌ನ ಚಿತ್ರದ ಕೆಳಭಾಗ ಕತ್ತರಿಸಿ ಹೋಗಿದೆ. ಕೆಂಡದ ಬುಟ್ಟಿ ಅಳಿಸಿದ ಜಾಗದಲ್ಲಿ ಅವನು ಇಟ್ಟಿರುವ ಕಾಲು ಕಾಯಿಸುವ ಪೆಟ್ಟಿಗೆ, ಅದರ ಹಿಂದಿನ ಸಾಲು ಟೈಲ್ಸ್, ಟೈಲ್ಸ್ ಮೇಲಿನ ಪುಟ್ಟ ಕ್ಯುಪಿಡ್, ಯಾವುದೂ ಓದುಗರಿಗೆ ಕಾಣುವುದಿಲ್ಲ. 1715ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಟೌನ್ ಹಾಲ್ ಗೋಡೆಗೆ ಹೊಂದಲೆಂದು ರೆಂಬ್ರಾಂಟ್‌ನ 'ನೈಟ್ ವಾಚ್' ಚಿತ್ರವನ್ನೇ ನಾಲ್ಕೂ ಕಡೆ ಕತ್ತರಿಸಿದರು, ಆ ತುಂಡುಗಳು ಇವತ್ತಿಗೂ ಸಿಕ್ಕಿಲ್ಲ. ನಿಮ್ಮದು ಪುಟ, ಸರಿಪಡಿಸಬಹುದು. ಮುಂದಿನ ವಾರ ಆ ಚಿತ್ರವನ್ನು ಚಿಕ್ಕದಾಗಿಯಾದರೂ ಪೂರ್ತಿ ಹಾಕಿ. ಕೆಳಗೆ ಕಲಾವಿದನ ಹೆಸರು, ವರ್ಷ, ಅಳತೆ, ಯಾವ ಮ್ಯೂಸಿಯಂ ಎಂಬುದನ್ನೂ ಕೊಡಿ. ಡ್ರಾಯಿಂಗ್ ಕಲಿಯುವ ಮಕ್ಕಳು ಆ ಪುಟ ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಇತಿ ನಿಮ್ಮ ಓದುಗ,
ನಿವೃತ್ತ ಚಿತ್ರಕಲಾ ಶಿಕ್ಷಕ, ವಿಜಯಪುರ