ಗಡಿಕಲ್ಲು ಟ್ರಿಪ್ ಇನ್ನು ನದಿಯ ಆಚೆಯಿಂದ ಶುರು

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಅಪ್ಪ ಅಮ್ಮ ಊರಿಂದ ಬಂದಾಗ ನಮ್ಮ ವ್ಯಾನ್ ಬುಕ್ ಮಾಡುವ ನಿಮಗೆಲ್ಲ ಒಂದು ವಿಷಯ ತಿಳಿಸಬೇಕು. ಮುಂದಿನ ತಿಂಗಳ ಮೊದಲ ಶನಿವಾರದಿಂದ ನಮ್ಮ ವಾಷಿಂಗ್ಟನ್ ಡಿ.ಸಿ. ಗಡಿಕಲ್ಲು ಟ್ರಿಪ್ ಕ್ಯಾಪಿಟಲ್ (ಸಂಸತ್ ಭವನ) ಹತ್ತಿರದಿಂದ ಹೊರಡುವುದಿಲ್ಲ. ಪೊಟೋಮ್ಯಾಕ್ ನದಿಯ ಆಚೆ, ವರ್ಜೀನಿಯಾದ ಅಲೆಕ್ಸಾಂಡ್ರಿಯಾದಿಂದ ಹೊರಡುತ್ತದೆ. ನೋಡುವ ಕಲ್ಲುಗಳು ಹನ್ನೊಂದರಿಂದ ಐದಕ್ಕೆ ಇಳಿದಿವೆ. ಸಮಯ ಮಾತ್ರ ಒಂದು ಗಂಟೆ ಜಾಸ್ತಿ. ತಲೆಗೆ 40 ಡಾಲರ್ ಇದ್ದದ್ದು ಹಾಗೇ ಇರುತ್ತದೆ.

"ಕಲ್ಲು ಅರ್ಧ ಆದ್ರೂ ದುಡ್ಡು ಅಷ್ಟೇನಾ?" ಅಂತ ಒಬ್ಬರು ಆಗಲೇ ಫೋನ್ ಮಾಡಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಪತ್ರ.

ಹೋದ ವರ್ಷ ಒಬ್ಬ ಹಿರಿಯರು ಬಂದಿದ್ದರು. ಊರಲ್ಲಿ ಸರ್ವೆ ಕೆಲಸ ಮಾಡಿ ರಿಟೈರ್ ಆದವರು. ವ್ಯಾನಿನಲ್ಲಿ ನಾವು ಕೊಡುವ ನಕ್ಷೆಯನ್ನು ಮಂಡಿ ಮೇಲೆ ಹರಡಿಕೊಂಡು, ಡಿ.ಸಿ.ಯ ಗೆರೆ ಮೇಲೆ ಬೆರಳಾಡಿಸಿದರು. ಮೂರು ಕಡೆ ನೆಟ್ಟಗಿನ ಗೆರೆ, ನಾಲ್ಕನೇ ಕಡೆ ನದಿಯ ಅಂಕುಡೊಂಕು. "ಹದ್ದುಬಸ್ತು ಮಾಡಿದವನು ಹೀಗೆ ಅರ್ಧಕ್ಕೆ ಬಿಟ್ಟು ಹೋಗಿರಲ್ಲಪ್ಪ. ಈ ಕಡೆ ಬಾಂದುಕಲ್ಲು ಎಲ್ಲಿ?" ಅಂದರು. ನಾವು ತಬ್ಬಿಬ್ಬಾದೆವು. ಕಲ್ಲುಗಳು ಇರುವುದು ನಮಗೆ ಗೊತ್ತಿತ್ತು. ಸೇತುವೆ ದಾಟಿದರೆ ಟ್ರಾಫಿಕ್ ಅಂತ ಸುಮ್ನೆ ಬಿಟ್ಟಿದ್ದೆವು. ಜಾಹೀರಾತಿನಲ್ಲಿ ಮಾತ್ರ "ರಾಜಧಾನಿಯ ಗಡಿ ಪೂರ್ತಿ" ಅಂತ ಬರೆದುಕೊಂಡಿದ್ದೆವು. ತಪ್ಪು ನಮ್ಮದೇ.

ಅವರು ಹೇಳಿದ್ದು ಸರಿ. 1791ರಲ್ಲಿ ಅಳೆದಾಗ ರಾಜಧಾನಿ ಪೂರ್ತಿ ಚೌಕವಾಗಿತ್ತು. ಒಂದೊಂದು ಬದಿ 10 ಮೈಲಿ, ಒಟ್ಟು 100 ಚದರ ಮೈಲಿ. ಮೇರಿಲ್ಯಾಂಡ್ ಒಂದಿಷ್ಟು ಜಾಗ ಬಿಟ್ಟುಕೊಟ್ಟಿತು, ವರ್ಜೀನಿಯಾ ಒಂದಿಷ್ಟು. ಆಂಡ್ರ್ಯೂ ಎಲಿಕಾಟ್ ಅಳತೆಯ ಮುಖ್ಯಸ್ಥ. ಮೊದಲ ತಿಂಗಳುಗಳಲ್ಲಿ ನಕ್ಷತ್ರ ನೋಡಿ ಲೆಕ್ಕ ಹಾಕಿಕೊಟ್ಟವರು ಬೆಂಜಮಿನ್ ಬ್ಯಾನೆಕರ್. ಗುಲಾಮಗಿರಿಯ ಆ ಕಾಲದಲ್ಲಿ ಸ್ವತಂತ್ರರಾಗಿದ್ದ ಕಪ್ಪುಜನಾಂಗದ ರೈತ, ಆಗಲೇ ಅರವತ್ತರ ಹತ್ತಿರದ ವಯಸ್ಸು. ಮೈಲಿಗೊಂದರಂತೆ 40 ಕಲ್ಲು ನೆಟ್ಟರು. 26 ಮೇರಿಲ್ಯಾಂಡ್ ಕಡೆ, 14 ವರ್ಜೀನಿಯಾ ಕಡೆ. ಮೊದಲ ಕಲ್ಲು 1791ರ ಏಪ್ರಿಲ್ 15ರಂದು ಅಲೆಕ್ಸಾಂಡ್ರಿಯಾದ ನದಿ ದಡದ ಜೋನ್ಸ್ ಪಾಯಿಂಟ್‌ನಲ್ಲಿ. ನಮ್ಮ ಹೊಸ ಟ್ರಿಪ್‌ನಲ್ಲಿ ಮೊದಲು ನೋಡುವುದೂ ಅದನ್ನೇ.

ಹಾಗಾದರೆ ನದಿಯಾಚೆಯ ವರ್ಜೀನಿಯಾ ತುಂಡು ಹೋಗಿದ್ದೆಲ್ಲಿಗೆ? ಕೊಟ್ಟವರೇ ವಾಪಸ್ ತೆಗೆದುಕೊಂಡರು. ಸರ್ಕಾರಿ ಕಟ್ಟಡಗಳನ್ನು ಮೇರಿಲ್ಯಾಂಡ್ ಬದಿಯಲ್ಲೇ ಕಟ್ಟಬೇಕು ಅಂತ 1791ರಲ್ಲೇ ಕಾನೂನಾಗಿತ್ತು. ಆದ್ದರಿಂದ ಅಲೆಕ್ಸಾಂಡ್ರಿಯಾದವರಿಗೆ ರಾಜಧಾನಿ ಅನ್ನುವ ಹೆಸರು ಬಂತೇ ಹೊರತು ಕಟ್ಟಡ ಬರಲಿಲ್ಲ. 1801ರ ಕಾನೂನಿನಿಂದ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಮತ ಹಾಕುವ ಹಕ್ಕೂ ಹೋಯಿತು. (ಆ ಗೋಳು ಡಿ.ಸಿ.ಯವರಿಗೆ ಇನ್ನೂ ತಪ್ಪಿಲ್ಲ. ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಓದಿ ನೋಡಿ, ಪ್ರಾತಿನಿಧ್ಯವಿಲ್ಲದ ತೆರಿಗೆಯ ದೂರು ಅಲ್ಲಿರುತ್ತದೆ.) ಇದರ ಜೊತೆಗೆ ಅಲೆಕ್ಸಾಂಡ್ರಿಯಾ ಕಾಲುವೆ ಕಟ್ಟಲು ಮಾಡಿದ ಸಾಲ. ಇನ್ನೊಂದು ಕಾರಣವೂ ಇತ್ತು. ಅಲೆಕ್ಸಾಂಡ್ರಿಯಾ ಗುಲಾಮರ ವ್ಯಾಪಾರದ ದೊಡ್ಡ ಊರು. ರಾಜಧಾನಿಯಲ್ಲಿ ಆ ವ್ಯಾಪಾರ ನಿಲ್ಲಿಸುತ್ತಾರೆ ಅನ್ನುವ ಭಯ ಅಲ್ಲಿತ್ತು. ಸುಳ್ಳು ಭಯವೇನಲ್ಲ, 1850ರಲ್ಲಿ ಡಿ.ಸಿ.ಯಲ್ಲಿ ಅದನ್ನು ಕಾನೂನೇ ನಿಷೇಧಿಸಿತು. ಅಷ್ಟರಲ್ಲಿ ಇವರು ಹೊರಗೆ ಬಂದಾಗಿತ್ತು. ಆ ವ್ಯಾಪಾರ ನಡೆಯುತ್ತಿದ್ದ ಒಂದು ಕಟ್ಟಡ ಡ್ಯೂಕ್ ಸ್ಟ್ರೀಟಿನಲ್ಲಿ ಇನ್ನೂ ಇದೆ. ಜಾಸ್ತಿಯಾದ ಗಂಟೆಯಲ್ಲಿ ಅರ್ಧ ಅಲ್ಲಿಗೇ ಇಟ್ಟಿದ್ದೇವೆ.

1846ರ ಜುಲೈನಲ್ಲಿ ಆ ಜಾಗ ವಾಪಸ್ ಕೊಡುವ ಕಾನೂನಿಗೆ ಅಧ್ಯಕ್ಷ ಪೋಕ್ ಸಹಿ ಹಾಕಿದರು. ಸೆಪ್ಟೆಂಬರಿನಲ್ಲಿ ಮತದಾನ. ವಾಪಸ್ ಹೋಗೋಣ ಅಂದವರು 763, ಬೇಡ ಅಂದವರು 222. ಕಪ್ಪುಜನರಿಗೆ ಮತವೇ ಇರಲಿಲ್ಲ. 1847ರಲ್ಲಿ ವರ್ಜೀನಿಯಾ ಆ ಜಾಗವನ್ನು ಸೇರಿಸಿಕೊಂಡಿತು. ಆಮೇಲೂ ತಕರಾರು ಮುಗಿಯಲಿಲ್ಲ. ಈ ವಾಪಸಾತಿಯೇ ಸಂವಿಧಾನಕ್ಕೆ ವಿರುದ್ಧ, ನನ್ನ ತೆರಿಗೆ ಹಿಂದೆ ಕೊಡಿ ಅಂತ ಒಬ್ಬರು ಕೇಸು ಹಾಕಿದರು. ಇಷ್ಟು ವರ್ಷ ಆದ ಮೇಲೆ ತೆರಿಗೆದಾರ ಅದನ್ನು ಎತ್ತುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಮುಗಿಸಿತು. ಅಲೆಕ್ಸಾಂಡ್ರಿಯಾ ಕೌಂಟಿ ಅಂತಿದ್ದ ಜಾಗದ ಹೆಸರು 1920ರಲ್ಲಿ ಆರ್ಲಿಂಗ್ಟನ್ ಆಯಿತು. ನಿಮ್ಮಲ್ಲಿ ಎಷ್ಟೋ ಜನರ ಮನೆ ಅಲ್ಲೇ ಇದೆ, ಅಲ್ವಾ?

ಗಡಿ ಹೋಯಿತು, ಕಲ್ಲು ಕೀಳಲಿಲ್ಲ. ಜೋನ್ಸ್ ಪಾಯಿಂಟಿನ ಕಲ್ಲು ಹಳೆಯ ದೀಪಸ್ತಂಭದ ಕೆಳಗೆ, ದಡದ ಗೋಡೆಯ ಗೂಡಿನೊಳಗಿದೆ. ಬಗ್ಗಿಯೇ ನೋಡಬೇಕು. ನೋಡಿದರೂ ಸವೆದ ಒಂದು ಮೊದ್ದು ಕಲ್ಲು, ಅಷ್ಟೇ. ಫೋಟೋಗೆ ಏನೂ ಸಿಗಲ್ಲ ಅಂತ ಮೊದಲೇ ಹೇಳಿಬಿಡುತ್ತೇವೆ. ಬ್ಯಾನೆಕರ್ ಹೆಸರಿನ ಪಾರ್ಕಿನಲ್ಲಿರುವ ಕಲ್ಲು ನೋಡಲು ಚೆನ್ನಾಗಿದೆ. ಸುತ್ತ ಕಬ್ಬಿಣದ ಬೇಲಿ. ಇಂಥ ಬೇಲಿಗಳನ್ನು 1915ರಿಂದ ಒಂದು ಮಹಿಳಾ ಸಂಘದವರು ಹಾಕಿಸಿದ್ದು. ಬೇಲಿ ಇಲ್ಲದಿದ್ದರೆ ಎಷ್ಟು ಉಳಿಯುತ್ತಿದ್ದವೋ.

ಕಲ್ಲುಗಳ ಸಂಖ್ಯೆ ಇಳಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಕೆಲವು ಕಲ್ಲುಗಳು ಜನರ ಮನೆಯಂಗಳದಲ್ಲಿವೆ. ಒಮ್ಮೆ ನಮ್ಮ ಹದಿನಾಲ್ಕು ಜನ ಒಬ್ಬರ ಹುಲ್ಲುಹಾಸಿನ ಮೇಲೆ ನಿಂತು ಜೋರಾಗಿ ಮಾತಾಡುತ್ತಿದ್ದಾಗ ಮನೆಯವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು. ಬೈಯಲಿಲ್ಲ. "ಭಾನುವಾರವಾದರೂ ಬಿಡಿ" ಅಂದರು. ಅಂಥ ಕಲ್ಲುಗಳನ್ನೆಲ್ಲ ಪಟ್ಟಿಯಿಂದ ತೆಗೆದಿದ್ದೇವೆ.

ಈಗಾಗಲೇ ಬುಕ್ ಮಾಡಿದವರು ಹಳೆಯ ದಾರಿಯೇ ಬೇಕು ಅಂದರೆ ಈ ತಿಂಗಳ ಕೊನೆಯವರೆಗೆ ಅದೇ ಇರುತ್ತದೆ. ಬೇಡ ಅಂದರೆ ಪೂರ್ತಿ ಹಣ ವಾಪಸ್. ಹೊಸ ಟ್ರಿಪ್‌ಗೆ ಕಿಂಗ್ ಸ್ಟ್ರೀಟ್ ಮೆಟ್ರೋ ಸ್ಟೇಷನ್ ಹೊರಗೆ ಬೆಳಗ್ಗೆ 9ಕ್ಕೆ ವ್ಯಾನ್ ನಿಂತಿರುತ್ತದೆ. ಜೋನ್ಸ್ ಪಾಯಿಂಟಿನಲ್ಲಿ ನದಿಯ ಗಾಳಿ ಜೋರು, ಹಿರಿಯರಿಗೆ ಸ್ವೆಟರ್ ಹಾಕಿಸಿ ಕಳಿಸಿ. ರೇಗನ್ ಏರ್‌ಪೋರ್ಟಿಗೆ ಬಂದಿಳಿಯುವ ಸಂಬಂಧಿಕರನ್ನು ಅಲ್ಲಿಂದಲೇ ಹತ್ತಿಸಿಕೊಳ್ಳಬೇಕಾದರೆ ಹಿಂದಿನ ದಿನ ಹೇಳಿ. ಟಿಕೆಟ್ಟಿನಲ್ಲಿ ವಾಷಿಂಗ್ಟನ್ ಅಂತಿದ್ದರೂ ಅವರು ಇಳಿಯುವುದು ವರ್ಜೀನಿಯಾದಲ್ಲೇ, ನಮಗೆ ದಾರಿ ಮೇಲೇ ಸಿಗುತ್ತದೆ.

ಇತಿ,
ನಿಮ್ಮ ವ್ಯಾನಿನ ಮೂವರು